ಏಳು ಮನೆಗಳ ಬೀಗದಕೈ

ಕರಡಪ್ಪ ಮೆಟ್ಟಿಲ ಬುಡದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇ ಎಲ್ಲದಕ್ಕೂ ಮೂಲವಾಯಿತು. ‘ಇಸ್ತ್ರಿ, ಗುಂಡಿ ಹೊಲಿಗೆ, ನಲ್ಲಿ ರಿಪೇರಿ, ಗಿಡಕ್ಕೆ ನೀರು ಮುಂತಾದ ಸಣ್ಣಪುಟ್ಟ ಕೆಲಸ ಮಾಡಿಕೊಡಲಾಗುವುದು. ಮೂರನೇ ಮಹಡಿ, ಎಡಗಡೆಯ ಬಾಗಿಲು.’

ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದುದರಿಂದ ಅವನಿಗೆ ಆ ಹೆಸರು. ಅಚ್ಚುಕೂಟ ಅರ್ಧ ದಿನಕ್ಕೆ ಇಳಿದ ಮೇಲೆ ಸಂಬಳವೂ ಅರ್ಧವಾಗಿತ್ತು. ಮೇಲುಸಂಪಾದನೆಗೆಂದೇ ಚೀಟಿ ಬರೆದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ನಿಜ ಬೇರೆಯೇ ಇತ್ತು. ಆರು ತಿಂಗಳಿಂದ ಅವನ ಮನೆಯ ಕರೆಗಂಟೆ ಒತ್ತಿದವನು ಮೀಟರು ಓದುವವನೊಬ್ಬನೇ. ಅವನೂ ಕಳೆದ ಸಲ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬರೆದುಕೊಂಡು ಹೋಗಿದ್ದ. ಕರಡಪ್ಪ ಒಳಗೇ ಇದ್ದ.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೇ ಕರೆಗಂಟೆ ಕೂಗಿತು. ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡಿದ್ದ ಕರಡಪ್ಪ ಹಾಗೇ ಓಡಿದ. ಬಾಗಿಲಲ್ಲಿ ಎರಡನೇ ಮಹಡಿಯ ಟೀಚರಮ್ಮ.

“ನಮ್ಮ ಬಾಲ್ಕನೀಲಿ ಹದಿನೇಳು ಕುಂಡ ಇವೆ. ಸಂಜೆಯಿಂದ ಎರಡು ದಿನ ನೀರು ಹಾಕ್ತೀರಾ?”

“ಧಾರಾಳವಾಗಿ! ಒಳಗೆ ಬನ್ನಿ, ಕಾಫಿ ಇಡ್ತೀನಿ.”

“ಇನ್ನೊಂದಿನ ಬರ್ತೀನಿ. ಗುಲಾಬಿಗೆ ಮಾತ್ರ ಕಡಿಮೆ ಹಾಕಿ.”

ಬೀಗದಕೈ ಅವನ ಅಂಗೈಗಿಟ್ಟು ಆಕೆ ಇಳಿದೇಬಿಟ್ಟರು. ಕರಡಪ್ಪ ಎರಡು ಲೋಟ ಕಾಫಿ ಮಾಡಿ ಎರಡನ್ನೂ ತಾನೇ ಕುಡಿದ.

ಮುಂದೆ ಬಂದವನು ಕೆಳಮನೆಯ ದರ್ಜಿ. ಕೈಯಲ್ಲಿ ಗಿಣಿಯ ಪಂಜರ.

“ಅಣ್ಣಾ, ಇದಕ್ಕೆ ಕಾಳು ಹಾಕಿದ್ರೆ ಸಾಲದು. ಒಂಟಿಯಾಗಿದ್ರೆ ಸೊರಗಿಹೋಗತ್ತೆ. ದಿನಾ ಒಂದು ಗಂಟೆ ಯಾರಾದ್ರೂ ಕೂತು ಮಾತಾಡ್ಬೇಕು. ಅದಕ್ಕೆ ಬೇರೆ ಕೊಡ್ತೀನಿ.”

ಹಾಗೆ ದುಡ್ಡು ಕೊಟ್ಟು ಯಾರನ್ನಾದರೂ ತನಗೂ ಗೊತ್ತುಮಾಡಿಕೊಳ್ಳಬಹುದೇ ಎಂದು ಕೇಳಬೇಕೆನಿಸಿತು ಕರಡಪ್ಪನಿಗೆ. ಕೇಳುವ ಬದಲು ಪಂಜರ ಇಸಿದುಕೊಂಡ. ದರ್ಜಿ ಹೋದಮೇಲೆ ಪಂಜರದ ಮುಂದೆ ಕುಳಿತು, “ಹೇಗಿದ್ದೀಯಪ್ಪಾ?” ಎಂದ.

“ನಾಳೆ ಬನ್ನಿ,” ಎಂದಿತು ಗಿಣಿ. ಅದು ಕಲಿತದ್ದು ಅದೊಂದೇ ಮಾತು.

ಹನ್ನೊಂದು ಗಂಟೆಯೊಳಗೆ ಕಟ್ಟಡದ ಉಳಿದ ಏಳೂ ಮನೆಯವರು ಬಂದು ಹೋದರು. ಒಬ್ಬರ ಬೆಕ್ಕಿಗೆ ಹಾಲು, ಇನ್ನೊಬ್ಬರ ಮೀನಿಗೆ ತಿಂಡಿ, ಕಾಂಪೌಂಡರ್ ಮನೆಯಲ್ಲಿ ತೊಟ್ಟಿಕ್ಕುವ ನಲ್ಲಿ. ಎಲ್ಲರೂ ಹೊಸ್ತಿಲಾಚೆಯೇ ನಿಂತು ಬೀಗದಕೈ ಕೊಟ್ಟು, “ಸ್ವಲ್ಪ ಹೊರಗೆ ಹೋಗೋದಿದೆ” ಎಂದರು. ಪುಟಕ್ಕೊಂದು ಅಲ್ಪವಿರಾಮ ತಪ್ಪಿದರೂ ಹಿಡಿಯುವ ಕರಡಪ್ಪನಿಗೆ, ಏಳು ಮನೆಯವರೂ ಒಂದೇ ಮಾತು ಹೇಳಿದ್ದು ಕಣ್ಣಿಗೆ ಬೀಳಲಿಲ್ಲ. ಊರೆಲ್ಲ ತನ್ನನ್ನೇ ನಂಬಿದೆಯೆಂಬ ಹಿಗ್ಗಿನಲ್ಲಿ ಅವನು ಪೂರಿಯಂತೆ ಉಬ್ಬಿದ್ದ.

ಮಧ್ಯಾಹ್ನ ಸ್ಪ್ಯಾನರ್ ಹಿಡಿದು ನಲ್ಲಿ ರಿಪೇರಿಗೆ ಹೊರಟ. ಬೀಗದಕೈಗಳೆಲ್ಲ ಅವಳಿಜವಳಿಯಂತಿದ್ದವು. ಒಂದು ತಿರುಗಿತು, ಬಾಗಿಲು ತೆರೆಯಿತು. ಆದರೆ ಅದು ಕಾಂಪೌಂಡರ್ ಮನೆಯಲ್ಲ, ಅದರ ಎದುರಿಗಿದ್ದ, ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಮನೆ. ಒಳಗೆ ಕಾರ್ಯದರ್ಶಿಯ ಅತ್ತೆ ಮಲಗಿದ್ದರು. ಸ್ಪ್ಯಾನರ್ ಹಿಡಿದ ಗಂಡಸು ಬಚ್ಚಲ ಕಡೆ ಕಳ್ಳಹೆಜ್ಜೆ ಇಡುವುದನ್ನು ಕಂಡು ಅಜ್ಜಿ ಊರುಗೋಲು ಬೀಸಿದರು.

“ಕಳ್ಳ! ಕಳ್ಳ!”

“ಅಜ್ಜಿ, ನಾನು... ನಲ್ಲಿ...”

“ನಲ್ಲೀನೂ ಬಿಡಲ್ವೇನೋ!” ಎಂದು ಎರಡನೆಯ ಏಟು ಬಿತ್ತು.

ಕ್ಷಣದಲ್ಲಿ ಕಟ್ಟಡವೆಲ್ಲ ಅಲ್ಲಿ ನೆರೆಯಿತು. ಕರಡಪ್ಪನ ಹಣೆ ಬೋಂಡದಂತೆ ಊದಿತ್ತು. ಟೀಚರಮ್ಮ ಐಸ್ ತಂದರು. ದರ್ಜಿ ಬೀಸಣಿಗೆ ಬೀಸಿದ. ತಪ್ಪು ತಿಳಿದ ಅಜ್ಜಿ ಪಕ್ಕದಲ್ಲೇ ಕುಳಿತು, “ತುಂಬಾ ನೋವಾಯ್ತೇನಪ್ಪಾ?” ಎಂದು ಮುಲಾಮು ಹಚ್ಚಿದರು. ಯಾರೋ ಕುರ್ಚಿ ಕೊಟ್ಟರು, ಯಾರೋ ನೀರು ಕುಡಿಸಿದರು. ಹದಿನೈದು ಜನ ಒಟ್ಟಿಗೆ ಅವನ ಮುಖವನ್ನೇ ನೋಡುತ್ತಿದ್ದರು. ನೋವು ಇಳಿಯುತ್ತ ಬಂದಿತ್ತು. ಆದರೂ ಕರಡಪ್ಪ ಇನ್ನೂ ಹತ್ತು ನಿಮಿಷ ನರಳಿದ.

ಐದು ಗಂಟೆಗೆ ಗೇಟಿನ ಮುಂದೆ ದೊಡ್ಡ ಬಸ್ಸೊಂದು ಬಂದು ನಿಂತಿತು. ಏಳೂ ಮನೆಯವರು ಚೀಲ, ಚಾಪೆ, ಚೆಂಡು ಹಿಡಿದು ಗಲಗಲ ಮಾಡುತ್ತ ಹತ್ತತೊಡಗಿದರು. ಪಂಜರ ಹಿಡಿದೇ ಕೆಳಗಿಳಿದ ಕರಡಪ್ಪ ಕಾರ್ಯದರ್ಶಿಯ ತೋಳು ಹಿಡಿದ.

“ಎಲ್ರೂ ಒಟ್ಟಿಗೆ ಎಲ್ಲಿಗೆ ಸಾರ್?”

“ಕೆರೆ ದಂಡೆಗೆ, ಎರಡು ದಿನ ಪಿಕ್ನಿಕ್.”

“ನನ್ನನ್ನ ಯಾರೂ... ಕರೀಲಿಲ್ಲ.”

“ಅಯ್ಯೋ, ಎಂಥ ಮಾತು!” ಕಾರ್ಯದರ್ಶಿ ನಿಜವಾಗಿಯೂ ನೊಂದುಕೊಂಡ. “ನಿಮಗೂ ಸೀಟು ಹಿಡಿದಿದ್ವು ಸ್ವಾಮಿ, ಕಿಟಕಿ ಪಕ್ಕದ್ದು. ಪಾಪ ಒಬ್ರೇ ಇರ್ತಾರೆ ಅಂತ ಟೀಚರಮ್ಮನೇ ಹಟ ಹಿಡಿದು ಬರೆಸಿದ್ದು. ಸರ್‌ಪ್ರೈಸ್ ಆಗಿರಲಿ ಅಂತ ಕೊನೇ ದಿನದವರೆಗೂ ಹೇಳಿರಲಿಲ್ಲ. ನಿನ್ನೆ ಸಂಜೆ ಕರೆಯೋಕೆ ಅಂತಾನೇ ಹತ್ತಿ ಬರ್ತಿದ್ದೆ, ಮೆಟ್ಟಿಲ ಹತ್ರ ನಿಮ್ಮ ಚೀಟಿ ನೋಡಿದೆ. ನಾಲ್ಕು ಕಾಸು ನೋಡ್ಕೊಳ್ಳೋಕೆ ಹೊರಟಿರೋರನ್ನ ಯಾಕೆ ಕೆಡಿಸೋದು ಅಂತ ಅಲ್ಲಿಂದಲೇ ವಾಪಸ್ ಹೋದೆ. ಎಲ್ರೂ ಸೇರಿ ನಿಮಗೇ ಕೆಲಸ ಕೊಡೋಣ ಅಂತ ತೀರ್ಮಾನ ಮಾಡಿದ್ವು. ಖುಷಿ ಆಯ್ತು ತಾನೆ?”

ಉತ್ತರಕ್ಕೆ ಕಾಯದೆ ಕಾರ್ಯದರ್ಶಿ ಬಸ್ ಹತ್ತಿದ. ಕಿಟಕಿ ಪಕ್ಕದ ಸೀಟಿನಲ್ಲಿ ಕುಡಿಯುವ ನೀರಿನ ಕ್ಯಾನೊಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿತ್ತು. ಬಸ್ಸು ಹೊರಟಿತು.

“ನಿಲ್ಲಿಸಿ!” ಎಂದು ಕರಡಪ್ಪ ಕೂಗಿದ್ದು ಬಸ್ಸಿನ ಸದ್ದಿನಲ್ಲಿ ಮುಳುಗಿಹೋಯಿತು. ಪಂಜರ ನೆಲಕ್ಕಿಟ್ಟು ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸುತ್ತ ಹಿಂದೆ ಓಡಿದ.

ಅದನ್ನು ಮೊದಲು ಕಂಡವರು ಅಜ್ಜಿ. “ನೋಡ್ರೇ, ಎಷ್ಟು ಪ್ರೀತಿಯಿಂದ ಕಳಿಸಿಕೊಡ್ತಿದಾನೆ!” ಎಂದರು.

ಎಲ್ಲ ಕಿಟಕಿಗಳಿಂದಲೂ ಕೈಗಳು ಹೊರಬಂದವು. ತಿರುವಿನಲ್ಲಿ ಮರೆಯಾಗುವವರೆಗೂ ಬಸ್ಸಿಗೆ ಬಸ್ಸೇ ಅವನಿಗೆ ಟಾಟಾ ಮಾಡಿತು.