ಪ್ರಾಗ್ ನಗರದ ನೆಲ ನೋಡಿ ಬಂದವರು

ಪ್ರಾಗ್ ನಗರಕ್ಕೆ ಹೋಗಿ ಬಂದವರು ನಮ್ಮ ಪರಿಚಯದಲ್ಲಿ ಎಷ್ಟೋ ಜನ ಇದ್ದಾರೆ. ಆದರೆ ಅಷ್ಟು ದೂರ ವಿಮಾನದಲ್ಲಿ ಹೋಗಿ, ಅಲ್ಲಿನ ನೆಲವನ್ನು ಮಾತ್ರ ನೋಡಿಕೊಂಡು ಬಂದ ಮಹಾನುಭಾವರು ಇಡೀ ನ್ಯೂಜಿಲೆಂಡಿನಲ್ಲಿ ಒಬ್ಬರೇ. ಅವರು ನಮ್ಮ ಮನೆಯಲ್ಲೇ ಇದ್ದಾರೆ. ನನ್ನನ್ನು ಮದುವೆಯಾಗಿದ್ದಾರೆ. ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಹಳೆಯ ಸಂಪ್ರದಾಯಕ್ಕಲ್ಲ, ಹೇಳಿದರೆ ನಮ್ಮೂರು ಹ್ಯಾಮಿಲ್ಟನ್ನಿನ ಕನ್ನಡಿಗರೆಲ್ಲ "ಓ, ಆ ಮೋರಿ ಅಂಕಲ್ಲಾ?" ಎಂದುಬಿಡುತ್ತಾರೆ, ಅದಕ್ಕೆ!

ಮೊನ್ನೆ ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆವು. ಬಿಸಿಬೇಳೆಬಾತ್ ಬಡಿಸುತ್ತಾ ಮನೆಯಾಕೆ, "ಅಂಕಲ್, ಪ್ರಾಗ್ ಹೇಗಿತ್ತು?" ಎಂದು ಕೇಳಿದಳು. ಇವರು ತಟ್ಟೆಯನ್ನು ಪಕ್ಕಕ್ಕಿಟ್ಟು, ಕಣ್ಣರಳಿಸಿ, "ಚರಂಡಿ ಅದ್ಭುತ ಕಣಮ್ಮ!" ಎಂದರು. ಪಾಪ, ಆಕೆ ಸೌಟು ಹಿಡಿದುಕೊಂಡೇ ನಿಂತಳು. ಊಟದ ಹೊತ್ತಿನಲ್ಲಿ ಇಂಥ ಉತ್ತರ ಬಂದರೆ ಮುಂದಿನ ಪ್ರಶ್ನೆ ಏನೆಂದು ಕೇಳುವುದು? ನಾನು ಹಪ್ಪಳ ಮುರಿಯುತ್ತಾ ನಕ್ಕೆ.

ಇವರಿಗೆ ನೆಲದ ಮೇಲೆ ಈ ಪರಿಯ ಪ್ರೀತಿ ಇಂದು ನಿನ್ನೆಯದಲ್ಲ. ಮೈಸೂರಿನಲ್ಲಿ ಓದಿದ ಸಿವಿಲ್ ಎಂಜಿನಿಯರ್ ಇವರು. ಇಲ್ಲಿಗೆ ಬಂದ ಮೇಲೆ ಫುಟ್‌ಪಾತು, ಮೋರಿ, ಮಳೆನೀರಿನ ಕೊಳವೆ ಇವುಗಳ ಉಸ್ತುವಾರಿಯಲ್ಲೇ ತಲೆ ಬೆಳ್ಳಗಾಯಿತು. ಜೋರು ಮಳೆ ಬಂದರೆ ನಮ್ಮ ಬಡಾವಣೆ ರೊಟೊಟೂನದ ಜನರೆಲ್ಲ ಹೀಟರ್ ಹಾಕಿಕೊಂಡು ಒಳಗೆ ಕೂರುತ್ತಾರೆ. ಇವರು ಗಮ್‌ಬೂಟು ಏರಿಸಿಕೊಂಡು ಹೊರಗೆ ಹೊರಡುತ್ತಾರೆ, ಯಾವ ಮೋರಿ ನೀರನ್ನು ಹೇಗೆ ಕುಡಿಯುತ್ತಿದೆ ಎಂದು ನೋಡಲು! ನಮ್ಮ ಮದುವೆಯ ಫೋಟೋದಲ್ಲಿಯೂ ಇವರ ದೃಷ್ಟಿ ಛತ್ರದ ನೆಲದ ಮೇಲೇ ಇದೆ. ಹುಡುಗನಿಗೆ ಎಷ್ಟು ಸಂಕೋಚ ಎಂದು ನಮ್ಮಮ್ಮ ಮೆಚ್ಚಿಕೊಂಡಿದ್ದರು. "ಸಂಕೋಚ ಅಲ್ಲ ಕಣೇ, ಮೊಸಾಯಿಕ್ ಸರಿಯಾಗಿ ಪಾಲಿಶ್ ಮಾಡಿರಲಿಲ್ಲ" ಎಂದು ಇವರು ನನಗೆ ಹೇಳಿದ್ದು ಆಮೇಲೆ. ಅಷ್ಟು ಹೊತ್ತಿಗೆ ಕೊರಳಿಗೆ ತಾಳಿ ಬಿದ್ದಾಗಿತ್ತು.

ಇಂಥವರನ್ನು ಕಟ್ಟಿಕೊಂಡು ನಾನು ಪ್ರಾಗ್‌ಗೆ ಹೊರಟಿದ್ದಕ್ಕೆ ಕಾರಣ ಒಂದು ಕ್ಯಾಲೆಂಡರು. ಚಿತ್ರದುರ್ಗದಲ್ಲಿ ನಮ್ಮಪ್ಪನಿಗೆ ಔಷಧಿ ಅಂಗಡಿ ಇತ್ತು. ಅಲ್ಲಿನ ಗೋಡೆಯ ಮೇಲೆ ಒಂದು ಹಳೆಯ ಕಲ್ಲಿನ ಸೇತುವೆ, ಅದರ ಎರಡೂ ಬದಿಗೆ ಸಾಲಾಗಿ ಪ್ರತಿಮೆಗಳು, ಹಿಂದೆ ಆಕಾಶದ ತುಂಬ ಗೋಪುರಗಳಿದ್ದ ಚಿತ್ರ. ಅದರ ತಾರೀಖಿನ ಹಾಳೆಗಳೆಲ್ಲ ಹರಿದುಹೋಗಿ ವರ್ಷಗಳಾದರೂ ನಾನು ಅತ್ತು ಹಟ ಮಾಡಿದ್ದರಿಂದ ಅಪ್ಪ ಆ ಚಿತ್ರವನ್ನು ತೆಗೆದಿರಲಿಲ್ಲ. ಒಂದು ದಿನ ಅಲ್ಲಿಗೆ ಹೋಗುತ್ತೇನೆ ಎಂದುಕೊಂಡಿದ್ದೆ. ಆ ಒಂದು ದಿನವನ್ನು ಮಗಳ ಓದು, ಮನೆಯ ಸಾಲ, ಅದು ಇದು ಎಂದು ಮುಂದೆ ಮುಂದೆ ತಳ್ಳುತ್ತಲೇ ಬಂದೆ.

ಹೋದ ವರ್ಷ ಕಣ್ಣಿನ ಡಾಕ್ಟರು ನನ್ನನ್ನು ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಒತ್ತಿದೆ. ಕೆಳಗಡೆ ಬಂದ ಚುಕ್ಕಿಗಳಿಗೆ ಮಾತ್ರ ಒತ್ತಲೇ ಇಲ್ಲವಂತೆ. ಅಲ್ಲಿ ಚುಕ್ಕಿ ಬಂದದ್ದೇ ನನಗೆ ಗೊತ್ತಾಗಲಿಲ್ಲ! ಗ್ಲಾಕೋಮ ಎಂದರು. ಎದುರಿಗಿರುವುದು, ಮೇಲಿರುವುದು ಚೆನ್ನಾಗಿಯೇ ಕಾಣುತ್ತದೆ, ಕಾಲ ಹತ್ತಿರದ್ದು ಕಾಣಬೇಕಾದರೆ ತಲೆ ಬಗ್ಗಿಸಿಯೇ ನೋಡಬೇಕು. ದಿನವೂ ಹನಿ ಹಾಕಿಕೊಂಡರೆ ಇರುವ ದೃಷ್ಟಿ ಉಳಿಯಬಹುದು, ಹೋದದ್ದು ಮರಳುವುದಿಲ್ಲ. ಮನೆಗೆ ಬಂದವಳೇ, "ರೀ, ಪ್ರಾಗ್‌ಗೆ ಹೋಗೋಣ, ಈ ವರ್ಷವೇ" ಎಂದೆ. ನನಗೆ ಹೆದರಿಕೆಯಾಗಿತ್ತು. ಆ ಗೋಪುರಗಳು ನನ್ನ ಕಣ್ಣಿಗಾಗಿ ಎಷ್ಟು ದಿನ ಕಾಯುತ್ತವೆ?

ಇವರೂ ಹೆದರಿದ್ದರು. ಆದರೆ ಇವರ ಹೆದರಿಕೆಗೆ ಬಾಯಿ ಇತ್ತು. "ಹುಷಾರು, ಮೆಟ್ಟಿಲು!" "ಹುಷಾರು, ಡೋರ್‌ಮ್ಯಾಟು!" "ಹುಷಾರು ಕಣೇ, ಟ್ರಾಲಿ!" ಸೂಪರ್ ಮಾರ್ಕೆಟ್ಟಿನಲ್ಲಿ ಇವರ ಕೂಗಿಗೆ ಬೇರೆಯವರು ತಮ್ಮ ಟ್ರಾಲಿ ನಿಲ್ಲಿಸುತ್ತಿದ್ದರು. ಎಲ್ಲರೂ ತಿರುಗಿ ನನ್ನನ್ನು ನೋಡುತ್ತಿದ್ದರು. ಆ ನೋಟವನ್ನು ನನ್ನಿಂದ ತಡೆಯಲಾಗಲಿಲ್ಲ. ಟಿಕೆಟ್ ಮಾಡಿಸುವ ಮೊದಲೇ ಕರಾರು ಹಾಕಿದೆ.

"ನೋಡಿ, ನಾನು ಊರು ನೋಡೋಕೆ ಹೋಗ್ತಿರೋದು. ಊರಿನವರು ನನ್ನ ನೋಡೋ ಹಾಗೆ ಮಾಡಬೇಡಿ. ಕೈ ಹಿಡಿದು ನಡೆಸೋ ಹಾಗಿಲ್ಲ. ಹುಷಾರು ಅನ್ನೋ ಮಾತು ಬಾಯಲ್ಲಿ ಬಂತೋ, ಅಲ್ಲಿಂದಲೇ ವಾಪಸ್ ಬಂದ್ಬಿಡ್ತೀನಿ."

"ಅನ್ನಲ್ಲ."

"ಒಂದ್ಸಲಾನೂ?"

"ಅನ್ನಲ್ಲ ಅಂದ್ನಲ್ಲ ಮಾರಾಯ್ತಿ!"

ಹೊರಡುವ ಹಿಂದಿನ ದಿನ ಇವರು ನನ್ನ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಇಬ್ಬರ ಬೂಟಿನ ತಳವನ್ನೂ ಉಜ್ಜುತ್ತಾ ಕುಳಿತರು. ನ್ಯೂಜಿಲೆಂಡಿನ ವಿಮಾನ ನಿಲ್ದಾಣದಲ್ಲಿ ಬೂಟಿಗೆ ಅಂಟಿದ ಮಣ್ಣಿನಿಂದ ಹಿಡಿದು ಅಮ್ಮ ಕಟ್ಟಿಕೊಟ್ಟ ಹುಣಸೆಹಣ್ಣಿನವರೆಗೆ ಎಲ್ಲವನ್ನೂ ಅಧಿಕಾರಿಗಳಿಗೆ ತೋರಿಸಿ ಒಳಗೆ ಬರಬೇಕಲ್ಲ, ಅದರಲ್ಲಿ ಪಳಗಿದ ಜೀವ. ಪ್ರಪಂಚವೆಲ್ಲ ಹೀಗೇ ಎಂದು ನಂಬಿದ್ದಾರೆ. ಪ್ರಾಗ್‌ನಲ್ಲಿ ಇಳಿದಾಗ ಜನರೆಲ್ಲ, ತೋರಿಸುವುದೇನೂ ಇಲ್ಲದವರಿಗೆಂದು ಇದ್ದ ಹಸಿರು ಬಾಗಿಲಿನಿಂದ ಸರಸರನೆ ಹೊರಗೆ ಹೋಗುತ್ತಿದ್ದರು. ಇವರು ಕೆಂಪು ಬಾಗಿಲಿಗೆ ನುಗ್ಗಿ, ಆಕಳಿಸುತ್ತಿದ್ದ ಅಧಿಕಾರಿಯ ಮುಂದೆ ಒಂದು ಬೂಟನ್ನು ಬಿಚ್ಚಿ ತಲೆಕೆಳಗಾಗಿ ಹಿಡಿದು, "ಕ್ಲೀನ್!" ಎಂದರು. ಆತ ಬೂಟನ್ನು ನೋಡಿದ, ಇವರನ್ನು ನೋಡಿದ, ಆಮೇಲೆ ನನ್ನನ್ನು ಕನಿಕರದಿಂದ ನೋಡಿದ. "ವೆರಿ ನೈಸ್" ಎಂದ. ಚಟ್ನಿಪುಡಿಯೂ ಇದೆ ಎಂದು ಇವರು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಆತ ಹೊರಬಾಗಿಲು ತೋರಿಸಿಬಿಟ್ಟ.

"ಏನು ದೇಶಾನೋ! ತಮ್ಮ ನೆಲದ ಬಗ್ಗೆ ಒಂಚೂರೂ ಕಾಳಜಿ ಇಲ್ಲ" ಎಂದು ಇವರು ಗೊಣಗುತ್ತಲೇ ಬಂದರು. ಹಳೆಯ ಪೇಟೆಯಲ್ಲಿ ಟ್ಯಾಕ್ಸಿ ಇಳಿದು ಕಾಲ ಕೆಳಗೆ ನೋಡಿದವರು ಅಲ್ಲೇ ನಿಂತುಬಿಟ್ಟರು. ಬೀದಿಗೆ ಬೀದಿಯೇ ಕಲ್ಲು! ಅಂಗೈಯಗಲದ ಚೌಕದ ಕಲ್ಲುಗಳನ್ನು ಒತ್ತೊತ್ತಾಗಿ ಕೂರಿಸಿದ ನೆಲ, ಎಲ್ಲಿ ನೋಡಿದರೂ ಏರು, ತಗ್ಗು, ಅಂಚು. ಇವರ ಮುಖ ಒಂದು ಕ್ಷಣ ಬಾಡಿದ ಹಾಗೆ ಕಂಡಿತು. ಪ್ರಯಾಣದ ಸುಸ್ತು ಎಂದುಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ ಮೋರಿ ಪುರಾಣ! ಮರುದಿನ ಹಳೆಯ ಗಡಿಯಾರದ ಗೋಪುರಕ್ಕೆ ಹೋದೆವು. ಗಂಟೆ ಹೊಡೆಯುವಾಗ ಅದರ ಕಿಟಕಿಗಳಲ್ಲಿ ಸಂತರ ಬೊಂಬೆಗಳು ಒಂದೊಂದಾಗಿ ಬಂದು ಇಣುಕುತ್ತವೆ. ದೇಶವಿದೇಶಗಳ ಜನ ಕತ್ತೆತ್ತಿ, ಫೋನ್ ಎತ್ತಿ ಕಾಯುತ್ತಿದ್ದರು. ಆ ಜನಸಾಗರದಲ್ಲಿ ಕತ್ತು ಬಗ್ಗಿಸಿ ನಿಂತಿದ್ದವರು ಒಬ್ಬರೇ. "ನೋಡೇ ಇಲ್ಲಿ, ನಿನ್ನ ಬಲಗಡೆ. ಈ ಅಂಚುಕಲ್ಲು ಮೂರು ಬೆರಳು ಮೇಲಿದೆ. ಏನು ಚೆಂದ ಕೂರಿಸಿದಾರೆ!" ಪಕ್ಕದಲ್ಲಿದ್ದ ಹೆಂಗಸು ಇವರು ಏನೋ ಕಳೆದುಕೊಂಡಿದ್ದಾರೆಂದು ತಾನೂ ಬಗ್ಗಿ ಹುಡುಕತೊಡಗಿದಳು. ಅವಳನ್ನು ನೋಡಿ ಅವಳ ಗಂಡ, ಅವನನ್ನು ನೋಡಿ ಇನ್ನಿಬ್ಬರು. ಮೇಲೆ ಗಂಟೆ ಬಾರಿಸಿತು, ಬೊಂಬೆಗಳು ಬಂದವು, ಹೋದವು. ಅಷ್ಟು ಜನ ನೆಲದ ಮೇಲೆ ಏನನ್ನು ಹುಡುಕುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ! ನಾನು ಆ ಅಂಚುಕಲ್ಲನ್ನು ದುರುಗುಟ್ಟಿ ನೋಡಿ, ದಾಟಿ, ಇವರು ಯಾರೋ ನಾನು ಯಾರೋ ಎಂಬಂತೆ ಮುಂದೆ ನಡೆದೆ.

ಟ್ರಾಮಿನಲ್ಲೂ ಸುಖವಿಲ್ಲ. ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳದೆ ಇಳಿಯುವುದು ನಮ್ಮ ಹ್ಯಾಮಿಲ್ಟನ್ನಿನಲ್ಲಿ ಅಪಚಾರ. ಪ್ರಾಗ್‌ನ ಟ್ರಾಮಿನಲ್ಲಿ ಡ್ರೈವರ್ ಗಾಜಿನ ಕೋಣೆಯೊಳಗೆ ಇರುತ್ತಾನೆ, ಜನ ಯಾವ ಬಾಗಿಲಿನಿಂದಲಾದರೂ ಇಳಿದು ಹೋಗುತ್ತಾರೆ. ಇವರು ಬಿಡುತ್ತಾರೆಯೇ? ಇಳಿದು ಮುಂದಕ್ಕೆ ಓಡಿ, ಕಿಟಕಿ ತಟ್ಟಿ, ಥ್ಯಾಂಕ್ಸ್ ಹೇಳಿದರು. ಆತ ಏನೋ ಅನಾಹುತವಾಗಿದೆಯೆಂದು ಗಾಬರಿಯಿಂದ ಎದ್ದು ಬಂದ. ವಿಷಯ ತಿಳಿದ ಮೇಲೆ ನಗುತ್ತಾ ಗಂಟೆ ಬಾರಿಸಿಕೊಂಡು ಹೋದ. ಇವರು ತಿರುಗಿ ಬಂದು, ನಾನು ಹೆಜ್ಜೆ ಎತ್ತುವ ಮೊದಲೇ, "ಇಲ್ಲೊಂದು ಕಬ್ಬಿಣದ ಮುಚ್ಚಳ ಇದೆ ನೋಡು, ಕಲ್ಲಿಗಿಂತ ಎಷ್ಟು ಕೆಳಗೆ ಕೂತಿದೆ!" ಎಂದರು.

ಬೆಟ್ಟದ ಮೇಲಿನ ದೊಡ್ಡ ಇಗರ್ಜಿಯ ಬಾಗಿಲಲ್ಲಿ ನನ್ನ ತಾಳ್ಮೆ ಕೆಟ್ಟಿತು. ಒಳಗೆ ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಇಳಿಯುತ್ತಿತ್ತು, ನನಗೆ ಉಸಿರಾಡಲೂ ಮನಸ್ಸಿರಲಿಲ್ಲ. ಆಗ ಕಿವಿಯ ಹತ್ತಿರ ಇವರ ದನಿ: "ಹೊಸ್ತಿಲು ನೋಡೇ. ಎಷ್ಟು ಜನ ತುಳಿದಿದಾರೋ, ನಡುವೆ ಹೇಗೆ ಸವೆದು ಹಳ್ಳವಾಗಿದೆ."

"ರೀ, ನಾನು ಕಿಟಕಿ ನೋಡೋಕೆ ಬಂದಿದೀನಿ! ನೀವು ಮನೇಲೇ ಇದ್ದಿದ್ರೆ ಆಗ್ತಿತ್ತು. ಅಲ್ಲೂ ಮೋರಿ ಇತ್ತು!"

ನಾನು ತಲೆ ಬಗ್ಗಿಸಿ ಹಾಳು ಹೊಸ್ತಿಲನ್ನು ನೋಡಿ ದಾಟಿದೆ. ಅಂದು ಸಂಜೆ ಮಗಳ ವಿಡಿಯೋ ಕಾಲ್ ಬಂದಾಗ ದೂರು ಕೊಟ್ಟೆ. ಅವಳು ಕನ್ನಡವನ್ನು ಪೂರ್ತಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ, "ಡ್ಯಾಡ್, ಪ್ಲೀಸ್, ಲುಕ್ ಅಪ್!" ಎಂದಳು. ಇವರು "ಆಯ್ತು ಪುಟ್ಟಾ" ಎಂದು ಹೋಟೆಲಿನ ಸ್ನಾನದ ಮನೆಗೆ ಹೋಗಿ ಅಲ್ಲಿ ನೀರು ಹರಿದುಹೋಗುವ ಇಳಿಜಾರು ನೋಡತೊಡಗಿದರು.

ಸೇತುವೆಯನ್ನು ನಾನು ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದೆ. ಪಾಯಸವನ್ನು ಕೊನೆಗೆ ತಿನ್ನುವ ಹಾಗೆ. ಬೆಳಗಿನ ಬಿಸಿಲಿತ್ತು, ಜನ ಇನ್ನೂ ಸೇರಿರಲಿಲ್ಲ. ಸೇತುವೆಯ ಹತ್ತಿರ ಕೊಳವೆಯ ಹಾಗೆ ಸುತ್ತಿ ಕೆಂಡದ ಮೇಲೆ ಸುಡುವ ಒಂದು ಸಿಹಿ ತಿಂಡಿ ಮಾರುತ್ತಿದ್ದರು. ಇಡೀ ಊರಿನಲ್ಲಿ ಇವರಿಗೆ ಹಿಡಿಸಿದ ತಿಂಡಿ ಅದೊಂದೇ, ನೋಡಲು ಥೇಟ್ ಮೋರಿ ಪೈಪು! "ಇಲ್ಲೇ ನಿಂತಿರು, ಬಂದೆ" ಎಂದು ಹೋದರು. ನಾನು ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಎದುರಿಗೆ ನಮ್ಮಪ್ಪನ ಅಂಗಡಿಯ ಗೋಡೆಯೇ ಎದ್ದು ನಿಂತಿತ್ತು. ಅದೇ ಪ್ರತಿಮೆಗಳು, ಅದೇ ಗೋಪುರಗಳು. ಕತ್ತೆತ್ತಿಕೊಂಡು ನಡೆದೆ.

ಎಲ್ಲೋ ಒಂದು ಕಲ್ಲಿನ ಅಂಚು ಎದ್ದಿತ್ತು. ನನಗೆ ಕಾಣಲಿಲ್ಲ. ಮುಗ್ಗರಿಸಿ, ಒಂದು ಪ್ರತಿಮೆಯ ಬುಡಕ್ಕೆ ಎರಡೂ ಕೈ ಊರಿ ಬಿದ್ದೆ. ಯಾರೋ ಓಡಿ ಬಂದು ಎತ್ತಿ ಕೂರಿಸಿದರು. ಅಂಗೈ ತರಚಿತ್ತು, ಅಷ್ಟೆ. ಇಷ್ಟು ದಿನ ಬೀಳದವಳು ಇವತ್ತೇ ಬಿದ್ದೆನಲ್ಲ ಎಂದು ಅಳು ಬಂತು.

ಇಷ್ಟು ದಿನ ಬೀಳದವಳು! ಹೌದಲ್ಲ? ಊರೆಲ್ಲ ಕಲ್ಲು, ಏರು, ತಗ್ಗು. ಮನೆಯ ಡೋರ್‌ಮ್ಯಾಟಿಗೇ ಎಡವುವವಳು ನಾನು. ಇಲ್ಲಿ ಒಮ್ಮೆಯೂ ಎಡವಿರಲಿಲ್ಲ. ಗಡಿಯಾರದ ಹತ್ತಿರ ಮೂರು ಬೆರಳಿನ ಅಂಚು, ನೋಡಿ ದಾಟಿದ್ದೆ. ಟ್ರಾಮಿನ ಹತ್ತಿರ ಕಬ್ಬಿಣದ ಮುಚ್ಚಳ. ಇಗರ್ಜಿಯ ಸವೆದ ಹೊಸ್ತಿಲು. ಇವರು ಹೊಗಳಿದ ಪ್ರತಿಯೊಂದು ಕಲ್ಲೂ ನಾನು ಮುಂದಿನ ಹೆಜ್ಜೆ ಇಡಬೇಕಾದ ಜಾಗದಲ್ಲೇ ಇತ್ತು! ಬೈದುಕೊಂಡೇ ತಲೆ ಬಗ್ಗಿಸಿ ನೋಡಿದ್ದೆ. ನೋಡಿ ದಾಟಿದ್ದೆ. ಹುಷಾರು ಎಂಬ ಮಾತು ಮಾತ್ರ ಇವರ ಬಾಯಿಂದ ಬಂದಿರಲಿಲ್ಲ.

ಅಷ್ಟರಲ್ಲಿ ಸಿಹಿ ಪೈಪು ಹಿಡಿದುಕೊಂಡು ಓಡಿ ಬಂದರು. ನನ್ನ ಅಂಗೈ ನೋಡಿದರು. "ಹು..." ಎಂದು ಬಾಯಿ ತೆರೆದವರು ಗಪ್ಪನೆ ಮುಚ್ಚಿಕೊಂಡರು. ನೆಲ ನೋಡುತ್ತಾ, "ಈ ಕಲ್ಲು... ಒಂಚೂರು ಎದ್ದಿದೆ. ಹಳೇ ಕಾಲದ ಕೆಲಸ..." ಎಂದು ತೊದಲಿದರು.

"ಸಾಕು ರೀ. ನನಗೆ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಮೋರಿ ಪುರಾಣ ಯಾಕೆ ಅಂತ."

ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಿಂತರು. ಆಮೇಲೆ ಮೆಲ್ಲಗೆ, "ಚರಂಡಿ ನಿಜವಾಗ್ಲೂ ಚೆನ್ನಾಗಿದೆ ಕಣೇ" ಎಂದರು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಈ ಮನುಷ್ಯನ ಮೇಲೆ ಇಷ್ಟು ಪ್ರೀತಿ ನನಗೆ ಮದುವೆಯ ದಿನವೂ ಬಂದಿರಲಿಲ್ಲ. "ಅಲ್ಲ, ಆ ಗಡಿಯಾರದ ಬೊಂಬೆಗಳನ್ನಾದ್ರೂ ನೋಡಿದ್ರಾ?" ಎಂದು ಕೇಳಿದೆ.

"ಬೊಂಬೆನಾ? ಯಾವ ಬೊಂಬೆ?"

ಎದ್ದು ನಿಂತು, ನಾನಾಗಿಯೇ ಇವರ ತೋಳು ಹಿಡಿದುಕೊಂಡೆ. "ಈಗ ನೀವು ಮೇಲೆ ನೋಡಿ. ಕೆಳಗೆ ನಾನು ನೋಡ್ಕೋತೀನಿ" ಎಂದೆ. ಇವರು ಅನುಮಾನಿಸುತ್ತಲೇ ಕತ್ತೆತ್ತಿದರು. ಬಾಯಿ ತೆರೆದುಕೊಂಡಿತು. "ಅಯ್ಯೋ ಶಿವನೇ! ಇಷ್ಟೊಂದು ಗೋಪುರ ಇದೆಯೇನೇ ಈ ಊರಲ್ಲಿ! ಇದ್ಯಾವಾಗ ಕಟ್ಟಿದ್ರು?" ಎನ್ನುತ್ತಾ ತೇರು ನೋಡುವ ಮಗುವಿನ ಹಾಗೆ ನಡೆದರು. ನಾನು ತಲೆ ಬಗ್ಗಿಸಿ, ಒಂದೊಂದೇ ಕಲ್ಲನ್ನು ನೋಡುತ್ತಾ ಪಕ್ಕದಲ್ಲಿ ಹೆಜ್ಜೆ ಹಾಕಿದೆ. ಸ್ವಲ್ಪ ಮುಂದೆ ಒಂದು ಅಂಚು ಎದ್ದಿತ್ತು. ಇವರ ಕಣ್ಣು ಇನ್ನೂ ಆಕಾಶದಲ್ಲೇ ಇತ್ತು.

"ಹುಷಾರು ರೀ!" ಎಂದೆ.