ಶೆಟ್ಟೆವ್ವ ಹುಡುಕಿದ ಬಳಗ

ಗೊಳಸಂಗಿಯ ರೇಣವ್ವ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ಗುರ್ತಿಲ್ಲದ ಮನಿಗಿ ಮೊಮ್ಮಗಳ್ನ ಕೊಡಂಗಿಲ್ಲ. ನಿಮ್ಮ ಆಯಿನ್ನ ಕರ್ಕೊಂಡ ಬರ್ರಿ. ಮುದುಕೇರು ಕೂತು ಮಾತಾಡ್ತೇವಿ."

ಹೆಣ್ಣು ನೋಡಲು ಹೊರಟ ಪಂಪ್‌ಸೆಟ್ ರಿಪೇರಿಯ ಪರಶುವಿಗೆ ಪೇಚಿದ್ದದ್ದೇ ಅಲ್ಲಿ. ಅವನ ಅಜ್ಜಿ ಶೆಟ್ಟೆವ್ವನ ಬಾಯಿಗೆ ಹೆದರಿ ಎಷ್ಟೋ ಹೆಣ್ಣಿನವರು ಬಾಗಿಲು ಹಾಕಿಕೊಂಡಿದ್ದರು. ಸಿಂದಗಿಯಲ್ಲಂತೂ ಆಕೆ, "ಉಪ್ಪಿಟ್ಟಿಗಿ ಉಪ್ಪಿಲ್ಲ, ಹುಡುಗಿಗಿ ಮೂಗಿಲ್ಲ" ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟು ಎದ್ದುಬಂದಿದ್ದಳು.

ಮನಗೂಳಿಯಿಂದ ಬೈಕಿನ ಮೇಲೆ ದಾರಿಯುದ್ದಕ್ಕೂ ಪಾಠ ನಡೆಯಿತು.

"ಆಯಿ, ಉಪ್ಪಿನ ಸುದ್ದಿ ತಗೀಬ್ಯಾಡ. ಮೂಗಿನ ಸುದ್ದಿ ಮೊದ್ಲ ಬ್ಯಾಡ. ಹೆಂಗಾರ ಮಾಡಿ ಏನಾರ ಬಳಗ ಹುಡುಕು."

"ಏ ಬಿಡೋ, ನಾ ಕಲ್ಲಾಗೂ ಬಳಗ ಹುಡುಕಾಕಿ!"

ಗೊಳಸಂಗಿಯ ಮನೆಯಲ್ಲಿ ರೇಣವ್ವನ ಮೊಮ್ಮಗಳು ದಾನೇಶ್ವರಿ ಚಹಾ ತಂದಳು. ವಾರೆಗಣ್ಣಿಂದ ನೋಡಿ ನಕ್ಕಳು. ಪರಶುವಿನ ಎದೆ ಹೊಸ ವೈಂಡಿಂಗ್ ಮಾಡಿಸಿದ ಮೋಟಾರಿನಂತೆ ತಿರುಗತೊಡಗಿತು. ಚಹಾಕ್ಕೆ ಸಕ್ಕರೆ ಇರಲಿಲ್ಲ. ಶೆಟ್ಟೆವ್ವ ಬಾಯಿ ತೆರೆದಳು, ಪರಶು ಚಿವುಟಿದ, ಆಕೆ ಮಾತನ್ನೂ ಚಹಾವನ್ನೂ ಕೂಡಿಯೇ ನುಂಗಿದಳು.

ಮುದುಕಿಯರು ಬಳಗ ಕೆದಕಿದರು. ಇಂಡಿಗೆ ಹೋದರು, ಮುದ್ದೇಬಿಹಾಳ ಸುತ್ತಿದರು, ಎಲ್ಲಿಯೂ ಎಳೆ ಹತ್ತಲಿಲ್ಲ. ಬಾಗಿಲಲ್ಲಿ ನೆರೆದ ಓಣಿಯವರು ಕೇಳದೆಯೇ ತಂತಮ್ಮ ಬೀಗರನ್ನೆಲ್ಲ ಎಳೆದು ತಂದರು. ಅದೂ ಕೂಡಲಿಲ್ಲ.

"ಗುರ್ತು ಹತ್ತಲಿಲ್ಲ, ಹೋಗ್ಬರ್ರಿ" ಎಂದು ರೇಣವ್ವ ಎಲೆಅಡಿಕೆ ಚೀಲ ಮಡಚಿದಳು.

ಪರಶು ಜಿಗಿದೆದ್ದ. "ಇನ್ನೊಂದ್ ತಲಿಮಾರು ಹಿಂದಕ್ಕ ಹೋಗ್ ಆಯಿ! ನಿನ್ನ ಕಾಲಿಗಿ ಬೀಳ್ತೇನಿ!"

ಆಗ ಪಕ್ಕದ ಮನೆಯ ಗೈಬುಸಾಬ ಕಟ್ಟೆಯಿಂದಲೇ ಕೂಗಿದ: "ರೇಣವ್ವಕ್ಕಾ, ನಿಮ್ಮವ್ವ ಯಂಕಂಚಿ ಗಂಗವ್ವನ ಮಗಳಲ್ಲೇನ?"

ಶೆಟ್ಟೆವ್ವ ಚಹಾದ ಬಸಿ ಬದಿಗಿಟ್ಟು ಮುಂದೆ ಸರಿದಳು. "ಯಂಕಂಚಿ ಗಂಗವ್ವ? ಆಕಿ ನಮ್ಮವ್ವನ ಅವ್ವನ ಬೆನ್ನಿಗಿ ಬಿದ್ದ ತಂಗಿ!"

"ಅಕ್ಕಾ!" ಎಂದಳು ರೇಣವ್ವ. "ತಂಗೀ!" ಎಂದಳು ಶೆಟ್ಟೆವ್ವ. ಇಬ್ಬರೂ ತಬ್ಬಿಕೊಂಡು ಅತ್ತರು. ಓಣಿಯವರೂ ಮೂಗೊರೆಸಿಕೊಂಡರು. ಪರಶು ಗೈಬುಸಾಬನಿಗೆ ಕೈಮುಗಿದು, "ಆಯಿ, ಹಂಗಾರ ಮದವಿ ಯಾವಾಗ?" ಎಂದ.

"ಥೂ, ಬಾಯಿ ತೊಳಕೋ! ನಾವು ಅಕ್ಕತಂಗೇರು ಆದ್ವಿ ಅಂದ್ರ ನಿಮ್ಮಪ್ಪ, ಇಕಿ ಅಪ್ಪ ಅಣ್ತಮ್ಮರಾದ್ರು. ಇಕಿ ನಿನ್ನ ತಂಗೀಯೋ!"

ರೇಣವ್ವ ಕಣ್ಣೊರೆಸಿಕೊಂಡಳು. "ಅಣ್ಣ ಇಲ್ಲದ ಕೂಸಿಗಿ ದೇವ್ರು ಅಣ್ಣನ್ನ ಕಳಿಸ್ಯಾನ. ತಮ್ಮಾ, ಇಕಿಗಿ ಗಂಡು ಹುಡುಕೂದು ಇನ್ನ ನಿಂದ ಜವಾಬ್ದಾರಿ."

ದಾನೇಶ್ವರಿ ಮೊದಲ ಸಲ ಬಾಯಿಬಿಟ್ಟಳು: "ಭಾಳ ತಿರಗಾಡಬ್ಯಾಡಣ್ಣಾ. ನಿನ್ನಂಥಾವ ಸಿಕ್ರ ಸಾಕು."