ಒಂದೇ ಮಾತಿಗೆ ಬಿಟ್ಟುಬಿಡುವ ಏಜೆಂಟು

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಬೇಕು. ಪಕ್ಕದ ಮನೆಯವರ ಹೊಸ ಗಾಡಿ ನೋಡಿ ಉರಿದುಕೊಂಡರೆ ನಾಲ್ಕು ಜನರೆದುರು ಹೇಳಿಕೊಳ್ಳಬಹುದು; ಅವರೂ “ಹೌದ್ರಿ, ನಮಗೂ ಉರೀತದ” ಅನ್ನುತ್ತಾರೆ. ನನಗೆ ಉರಿಯುತ್ತಿರುವುದು ಮೈಯಿಲ್ಲದ, ಮುಖವಿಲ್ಲದ, ಊಟಕ್ಕೆ ಕರೆದರೂ ಬರಲಾಗದ ಒಂದು ಎಐ ಏಜೆಂಟಿನ ಮೇಲೆ. ಯಾರ ಮುಂದೆ ಹೇಳಲಿ? ನಿಮ್ಮ ಮುಂದೆ ಹೇಳುತ್ತೇನೆ. ಆಳಂದದ ಕಡೆ ಬಂದರೆ ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ.

ನಾನು ಹೈದರಾಬಾದಿನ ಕಂಪನಿಯೊಂದಕ್ಕೆ ಆಳಂದದ ಮನೆಯಲ್ಲೇ ಕೂತು ಕೈಪಿಡಿ ಬರೆಯುವವನು. ಕಂಪನಿಯವರು ಮಾಡಿದ್ದನ್ನು ಬಳಸುವುದು ಹೇಗೆ ಅಂತ ಒಂದೊಂದೇ ಹಂತ ಬಿಡಿಸಿ ಹೇಳುವ ಕೆಲಸ. ಹತ್ತು ವರ್ಷ ಮನುಷ್ಯರಿಗಾಗಿ ಬರೆದೆ, ಒಬ್ಬರೂ ಓದಲಿಲ್ಲ. ಮನುಷ್ಯರು ಮೊದಲು ಇದ್ದಬದ್ದ ಗುಂಡಿಯನ್ನೆಲ್ಲ ಒತ್ತುತ್ತಾರೆ, ಕೆಟ್ಟ ಮೇಲೆ ಫೋನ್ ಮಾಡುತ್ತಾರೆ. ಮನೆಯಲ್ಲೂ ಅದೇ ಕಥೆ. ಬೋರಿನ ಮೋಟಾರ್ ಶುರು ಮಾಡುವುದು ಹೇಗೆ ಅಂತ ನಾಲ್ಕು ಹಾಳೆ ಬರೆದು ಗೋಡೆಗೆ ಅಂಟಿಸಿದ್ದೆ. ಹೆಂಡತಿ ಮಹಾನಂದಾ ಎರಡನೇ ಹಾಳೆಗೆ ಬರುವಷ್ಟರಲ್ಲಿ ಮೋಟಾರ್ ಸುಟ್ಟುಹೋಯಿತು. ಅಂದಿನಿಂದ ನಮ್ಮಲ್ಲಿ ಯಾವುದು ತಿಳಿಯದಿದ್ದರೂ “ಮೋಟಾರ್ ಚೀಟಿ ಆದಂಗಾತು” ಅನ್ನುತ್ತಾರೆ.

ಈ ಸಲ ಬಂದದ್ದು ಬೇರೆ ಥರದ ಕೆಲಸ. ಅಂಗಡಿಯ ಸ್ವಂತ ಹೆಸರಿನಲ್ಲಿ ಇಮೇಲ್ ಬೇಕೆಂದರೆ ಮೊದಲು ಆ ಹೆಸರು, ಅಂದರೆ ಡೊಮೈನ್, ಕೊಳ್ಳಬೇಕು. ಆಮೇಲೆ ಈ ಹೆಸರು ನಮ್ಮದೇ ಅಂತ ನಾಲ್ಕಾರು ಕಡೆ ದಾಖಲೆ ಹಾಕಿ ರುಜುವಾತು ಮಾಡಬೇಕು. ಈ ತ್ರಾಸನ್ನೆಲ್ಲ ಎಐ ಏಜೆಂಟೇ ಮಾಡಿ ಮುಗಿಸುವಂಥ ಸಾಧನವದು. ಅದರ ಕೈಪಿಡಿ ಓದುವುದೂ ಏಜೆಂಟೇ. ಮೊದಲ ದಿನವೇ ಅದು ನನ್ನ ಅಷ್ಟೂ ಪುಟ ಓದಿ, ಬರೆದಂತೆಯೇ ಮಾಡಿತು. ಹತ್ತು ವರ್ಷಕ್ಕೆ ಒಬ್ಬ ಓದುಗ ಸಿಕ್ಕನಲ್ಲ ಅಂತ ನನಗೆ ಕಣ್ಣು ತುಂಬಿ ಬಂತು.

ಆ ಸಂತೋಷಕ್ಕೆ ಕಲ್ಲು ಹಾಕಿದವಳು ಮಹಾನಂದಾ. ಅವಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ಮಾರುತ್ತಾಳೆ. ಪುಣೆಯ ದೊಡ್ಡ ಅಂಗಡಿಯೊಂದು, ತಿಂಗಳೊಳಗೆ ನಿಮ್ಮ ಹೆಸರಿನ ಇಮೇಲ್ ಆದರೆ ಮಾತ್ರ ಆರ್ಡರ್ ಅಂದಿತ್ತು. ನಾನು “ನಾಳೆ ಮಾಡಿಕೊಡ್ತೇನಿ ತಡಿ” ಅನ್ನುತ್ತಲೇ ಇದ್ದೆ. ಕಾದು ಸಾಕಾಗಿ ಅವಳು, ಪರೀಕ್ಷೆಗೆಂದು ನಾನೇ ಅವಳ ಮೊಬೈಲಿಗೆ ಹಾಕಿಕೊಟ್ಟಿದ್ದ ಏಜೆಂಟಿನ ಜೊತೆ ಮಾತಿಗಿಳಿದಳು.

“ಎಷ್ಟ ಸಂಭಾವಿತ ಅದರಿ! ಹತ್ತ ಸಲ ಕೇಳಿದ್ರೂ ಸಿಟ್ಟಿಲ್ಲ, ಸೆಡವಿಲ್ಲ” ಅಂದಳು. ಆ ಮೆತ್ತನೆಯ ದನಿಯನ್ನು ಮದುವೆಯಾದಾಗಿನಿಂದ ಒಮ್ಮೆ ಮಾತ್ರ ಕೇಳಿದ್ದೇನೆ, ಹೊಸ ಮಿಕ್ಸರ್ ಬಂದಾಗ. ಆ ಮಿಕ್ಸರಿನ ಮೇಲೂ ನನಗೆ ಇಷ್ಟು ಉರಿದಿರಲಿಲ್ಲ.

ಏಜೆಂಟು ಹೆಸರು ಹುಡುಕಿ, “ಇದನ್ನು ಕೊಳ್ಳಲೇ ಅಕ್ಕಾ?” ಅಂತ ಕೇಳಿತು. ಮಹಾನಂದಾ ಅಫಜಲಪುರ ತಾಲೂಕಿನ ಗೊಬ್ಬೂರದ ಮಗಳು. ಅಲ್ಲಿ ಊಟಕ್ಕೆ ಕರೆದರೆ ಮೊದಲ ಸಲಕ್ಕೇ ಹೂಂ ಅನ್ನುವವರು ಹೊಟ್ಟೆಬಾಕರು. ಮೊದಲ ಸಲ “ಬ್ಯಾಡ್ರಿ” ಅನ್ನಬೇಕು, ಎರಡನೇ ಸಲ ಕರೆದವರು ಕೈಹಿಡಿದು ಮಣೆಯ ಮೇಲೆ ಕೂರಿಸಬೇಕು. ಇವಳೂ ಪದ್ಧತಿಯಂತೆ, “ಬ್ಯಾಡ ಬಿಡಪ್ಪಾ, ನಿನಗ್ಯಾಕ ತ್ರಾಸ” ಅಂದಳು. ಏಜೆಂಟು “ಸರಿ, ನಿಲ್ಲಿಸಿದ್ದೇನೆ” ಅಂದು ಕೆಲಸ ನಿಲ್ಲಿಸಿಯೇ ಬಿಟ್ಟಿತು. ಬೇಡವೆಂದರೆ ತಕ್ಷಣ ನಿಲ್ಲಿಸು ಅಂತ ಕೈಪಿಡಿಯಲ್ಲಿ ಬರೆದಿದ್ದವನು ನಾನೇ.

“ಒಂದ ಮಾತಿಗಿ ಬಿಟ್ಟಬಿಡೋದೇನ್ರಿ? ಇನ್ನೊಂದ ಸಲ ಕೇಳಿದ್ರ ಅದರ ಗಂಟೇನ ಹೋಗ್ತಿತ್ತು?” ಅಂತ ಅವಳು ಮುಖ ಊದಿಸಿಕೊಂಡಳು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹೋಳಿಗೆ ತಿಂದಷ್ಟು ಖುಷಿಯಾಯಿತು. ದೊಡ್ಡ ಮನಸ್ಸು ಮಾಡಿ “ಕೊಡಿಲ್ಲೆ, ನಾನ ಮಾಡ್ತೇನಿ” ಅಂದೆ. “ಬ್ಯಾಡ್ರಿ, ಮೋಟಾರ್ ಸುಡ್ತದ” ಅಂದಳು. ಇದು ಪದ್ಧತಿಯ ಬ್ಯಾಡ ಅಲ್ಲ, ಖರೇ ಬ್ಯಾಡ.

ಎರಡು ದಿನ ಸುಖಪಟ್ಟೆ. ಆದರೆ ಪುಣೆಯವರ ಗಡುವಿಗೆ ನಾಲ್ಕೇ ದಿನ ಉಳಿದಿತ್ತು. ಅವಳು ಹುರಿದ ಶೇಂಗಾ ಹಾಗೇ ಬಿಟ್ಟು ಕೂತಿದ್ದು ನೋಡಿ ನನ್ನ ಹೊಟ್ಟೆಕಿಚ್ಚಿಗೂ ನಾಚಿಕೆಯಾಯಿತು. ಕೈಪಿಡಿ ತೆಗೆದು ಒಂದು ಸಾಲು ಸೇರಿಸಿದೆ: ‘ಬೇಡ ಅಂದರೆ ನಿಲ್ಲಿಸು. ಆದರೆ ಸಂಕೋಚಕ್ಕೆ ಅಂದರೋ, ನಿಜವಾಗಿ ಬೇಡವೋ ಅಂತ ಇನ್ನೊಮ್ಮೆ ಮೆಲ್ಲಗೆ ಕೇಳು.’ ಮರುದಿನ ಅವಳು ಮತ್ತೆ ಶುರು ಮಾಡಿ, ಪದ್ಧತಿಯಂತೆ ಬ್ಯಾಡ ಅಂದಾಗ ಏಜೆಂಟು ಇನ್ನೊಮ್ಮೆ ಕೇಳಿತು. “ಹಂಗಂದ್ರ ಮಾಡಪ್ಪಾ” ಅಂದಳು. ಸಂಜೆಯ ಹೊತ್ತಿಗೆ ವಿಳಾಸ ತಯಾರಾಗಿ, ಪುಣೆಗೆ ಮೊದಲ ಪತ್ರವೂ ಹೋಯಿತು.

ಪುಣೆಯಿಂದ ಆರ್ಡರ್ ಬಂದ ದಿನ ಅವಳು ಒಂದು ಡಬ್ಬಿಗೆ ಹಿಂಡಿ ತುಂಬಿಸುತ್ತಾ ಹೇಳಿದಳು: “ಮೊನ್ನಿ ಯಾಕ ಎರಡನೇ ಸಲ ಕೇಳಲಿಲ್ಲಪ್ಪಾ ಅಂತ ಏಜೆಂಟಿಗಿ ಕೇಳ್ದೆ. ಕೈಪಿಡಿಯೊಳಗ ಈಗ ಹೊಸದಾಗಿ ಬರದಾರ ಅಂತು. ನಿಮ್ಮ ಕಂಪನಿಯೊಳಗ ಅದನ್ನ ಬರದವರು ಯಾರೋ ನಮ್ಮ ಕಡಿಯವರ ಇರಬೇಕ್ರಿ, ಜೇವರ್ಗಿಯವರೋ, ಅಂದೋಲಾದವರೋ. ಮಂದಿ ಮನಸ್ಸು ಎಷ್ಟ ತಿಳದಾರ! ಈ ಡಬ್ಬಿ ಅವರಿಗಿ ಕಳಸ್ರಿ.”

ಆ ಅಂದೋಲಾದ ಪುಣ್ಯಾತ್ಮನ ಮೇಲೆ ನನಗೆ ಏಜೆಂಟಿನ ಮೇಲಿದ್ದಕ್ಕಿಂತ ಹೆಚ್ಚು ಉರಿಯಿತು. “ಮಹಾನಂದಾ, ಅದನ್ನ ನಾನ ಬರದೇನಿ” ಅಂದೆ.

ಅವಳು ಗೋಡೆಯ ಮೇಲಿನ ನಾಲ್ಕು ಹಾಳೆ ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ನಿಂತ ಮೇಲೆ ಪಾಪ ಅನ್ನಿಸಿತೇನೋ, “ನಿಮಗೂ ಒಂಚೂರು ಹಿಂಡಿ ಹಾಕ್ಲೇನ್ರಿ?” ಅಂದಳು.

“ಬ್ಯಾಡ” ಅಂದೆ ಬಿಗುಮಾನದಿಂದ, ಎರಡನೇ ಸಲ ಕೇಳಲಿ ಅಂತ ಕಾಯುತ್ತಾ.

“ಸರಿ” ಅಂದವಳೇ ಡಬ್ಬಿಯ ಮುಚ್ಚಳ ಹಾಕಿದಳು.